ಬೇಲೂರು ಅನ್ನೋಕಾಗದೆ ಹಾಸನಕ್ಕೆ ಟಿಕೆಟ್ ತಗೊಂಡ ವರ್ಷಗಳು

2024ರ ನವೆಂಬರ್ ಕೊನೆ. ಅರೇಬಿಕಾ ಕೊಯ್ಲು ಜೋರಾಗಿ ನಡೀತಿತ್ತು. ನಾನು ಕೆಲಸ ಮಾಡೋದು ಚಿಕ್ಕಮಗಳೂರಲ್ಲಿ ಒಂದು ಕಾಫಿ ವ್ಯಾಪಾರದ ಆಫೀಸಲ್ಲಿ, ಆ ಸೀಸನ್ನಲ್ಲಿ ಮನೆಗೆ ಬರೋದೇ ರಾತ್ರಿ ಎಂಟಾಗುತ್ತೆ. ಅವತ್ತು ಚಪ್ಪಲಿ ಬಿಡ್ತಿದ್ದ ಹಾಗೇ ಮಗ ಓಡಿ ಬಂದು ಕಾಲು ತಬ್ಕೊಂಡು "ಅ-ಅ-ಅ-ಅಮ್ಮ, ಮಂ-ಮಂ-ಮಂಗ ಬಂದಿತ್ತು, ಬಾ-ಬಾ-ಬಾಳೆಹಣ್ಣು ತಗೊಂಡೋಯ್ತು" ಅಂದ. ಅವನಿಗಾಗ ಮೂರು ವರ್ಷ ಎರಡು ತಿಂಗಳು. ಹೋದ ವಾರದವರೆಗೂ ಪಟಪಟ ಅಂತ ಮಾತಾಡ್ತಿದ್ದ ಹುಡುಗ. ನಾನು ಬ್ಯಾಗು ಕೆಳಗಿಡೋದು ಮರ್ತು ಅಲ್ಲೇ ನಿಂತುಬಿಟ್ಟೆ. ಅಡುಗೆಮನೆಯಿಂದ ಅತ್ತೆ ಹೇಳಿದ್ರು, ಬೈದಿದ್ದಲ್ಲ, ಸಂಕಟಕ್ಕೆ ಬಾಯಿಗೆ ಬಂದಿದ್ದು, "ಬಂತು ನೋಡು. ನಿನ್ನ ನೋಡ್ಕೊಂಡೇ ಕಲ್ತುಬಿಡ್ತು ಮಗು."

ನಾನು ಉಗ್ಗ್ತೀನಿ. ನಂಗೀಗ 34, ಬುದ್ಧಿ ಬಂದಾಗಿಂದ ಉಗ್ಗ್ತಾನೇ ಇದೀನಿ. ಬರೆಯೋರು ತೊದಲುವಿಕೆ ಅಂತ ಬರೀತಾರೆ, ಆದ್ರೆ ನಮ್ಮ ಕಡೆ ತೊದಲು ಅಂದ್ರೆ ಎಳೆ ಮಕ್ಕಳ ಮಾತು, ಕೇಳೋಕೆ ಮುದ್ದು. ಉಗ್ಗು ಅಂದ್ರೆ ಜನ ನಗ್ತಾರೆ. ಶಾಲೇಲಿ ನನ್ನ ಅಡ್ಡಹೆಸರೇ ಉಗ್ಗಿ. ನಾನು ಅನುಭವಿಸಿದ್ದು ಆ ಪದನೇ, ಅದಕ್ಕೆ ಇಲ್ಲೂ ಅದನ್ನೇ ಬರೀತೀನಿ.

ಇದು ಹೇಗಿರುತ್ತೆ ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಏನು ಹೇಳ್ಬೇಕು ಅನ್ನೋದು ಚೆನ್ನಾಗಿ ಗೊತ್ತಿರುತ್ತೆ, ಪದ ಮರೆತಿದ್ದಲ್ಲ, ಬಾಯಲ್ಲೇ ಇದೆ. 'ಬೇಲೂರು' ಅನ್ನೋಕೆ ತುಟಿ ಎರಡೂ ಸೇರುತ್ತೆ, ಸೇರಿದ್ದು ಬಿಡಲ್ಲ. ಒಳಗಿಂದ ಉಸಿರು ಒತ್ತುತ್ತೆ, ಒತ್ತಿದಷ್ಟೂ ತುಟಿ ಬಿಗಿಯಾಗುತ್ತೆ, ಕತ್ತಿನ ನರ ಎದ್ದು ನಿಲ್ಲುತ್ತೆ, ಎಡಗಣ್ಣು ತಾನಾಗೇ ಮುಚ್ಕೊಳುತ್ತೆ. ಮೂರು ಸೆಕೆಂಡ್ ಇರ್ಬಹುದು, ಐದಿರ್ಬಹುದು, ಅಷ್ಟರಲ್ಲಿ ಎದುರಿಗಿರೋರ ಮುಖದಲ್ಲಿ ಮೊದಲು ಏನಾಯ್ತು ಅನ್ನೋ ಗಾಬರಿ, ಆಮೇಲೆ ಅಯ್ಯೋ ಪಾಪ, ಆಮೇಲೆ ಬೇರೆ ಕಡೆ ನೋಟ, ಮೂರೂ ಬಂದು ಹೋಗಿರುತ್ತೆ. ಇದೆಲ್ಲಕ್ಕಿಂತ ಕಷ್ಟ ಏನು ಅಂದ್ರೆ ಸಿಕ್ಕಾಕ್ಕೊಳ್ತೀನಿ ಅಂತ ನಾಲ್ಕು ಪದ ಮುಂಚೇನೇ ಗೊತ್ತಾಗೋದು. ರೋಡಲ್ಲಿ ಹಂಪ್ ಕಂಡ ಹಾಗೆ. ತಕ್ಷಣ ತಲೆ ಬೇರೆ ಪದ ಹುಡುಕೋಕೆ ಓಡುತ್ತೆ.

ನನ್ನ ತವರು ಬೇಲೂರು ತಾಲ್ಲೂಕು, ಬಿಕ್ಕೋಡು ಕಡೆ. ಚಿಕ್ಕಮಗಳೂರಿಂದ ಬೇಲೂರಿಗೆ ಸುಮಾರು 25 ಕಿಲೋಮೀಟರ್, ಅಲ್ಲಿಂದ ಮುಂದೆ ಹಾಸನಕ್ಕೆ ಇನ್ನೊಂದು 40. ಕಾಲೇಜಿಗೆ ಚಿಕ್ಕಮಗಳೂರಿಗೆ ಬಂದಾಗಿಂದ ಆ ಬಸ್ಸು ನನ್ನ ಪಾಲಿಗೆ ಪರೀಕ್ಷೆ. ಕಂಡಕ್ಟರ್ ಹಿಂದಿನ ಸೀಟಿಂದ ಒಂದೊಂದೇ ಸೀಟು ಮುಂದೆ ಬರ್ತಿದ್ರೆ ನನ್ನ ಎದೆಬಡಿತ ಜಾಸ್ತಿ ಆಗೋದು. "ಎಲ್ಲಿಗಮ್ಮಾ?" ಅಂತ ಮಿಷಿನ್ ಮೇಲೆ ಹೆಬ್ಬೆರಳು ಇಟ್ಕೊಂಡು ನಿಲ್ತಾರೆ, ಆ ಹೆಬ್ಬೆರಳೇ ಕಾಣೋದು ನಂಗೆ. ಬೇ ಅನ್ನೋಕೆ ತುಟಿ ಸೇರಿದ್ರೆ ಮುಗೀತು. ಅದಕ್ಕೆ "ಹಾಸನ" ಅಂದುಬಿಡ್ತಿದ್ದೆ. ಹ ಬರೀ ಉಸಿರಲ್ವಾ, ಸಲೀಸಾಗಿ ಆಚೆ ಬರುತ್ತೆ. ಹಾಸನದವರೆಗೂ ದುಡ್ಡು ಕೊಟ್ಟು ಬೇಲೂರಲ್ಲಿ ಇಳಿದುಬಿಡ್ತಿದ್ದೆ. ಅಪ್ಪ ಲೆಕ್ಕ ಮಾಡಿ ಕೊಡ್ತಿದ್ದ ದುಡ್ಡು ಅದು, ಆ ವ್ಯತ್ಯಾಸ ತುಂಬಿಸೋಕೆ ಮಧ್ಯಾಹ್ನದ ಕಾಫಿ ತಿಂಡಿ ಬಿಟ್ಟಿದೀನಿ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಫ್ರೀ, ಆಧಾರ್ ಕಾರ್ಡ್ ತೋರಿಸಿದ್ರೆ ಸಾಕು ಅಂತ ಕೇಳಿ ಬೇರೆಯವರಿಗಿಂತ ಜಾಸ್ತಿ ಖುಷಿ ಪಟ್ಟೋಳು ನಾನೇ ಇರ್ಬೇಕು, ಇನ್ಮೇಲೆ ಬಾಯಿ ಬಿಡೋದೇ ಬೇಡ ಅಂದ್ಕೊಂಡೆ. ಮೊದಲನೇ ದಿನ ಕಾರ್ಡ್ ಹಿಡಿದು ಕೂತಿದ್ದೆ. ಕಂಡಕ್ಟರ್ ಕಾರ್ಡ್ ನೋಡಿ "ಸರಿ, ಎಲ್ಲಿಗೆ?" ಅಂದ್ರು. ಸೊನ್ನೆ ರೂಪಾಯಿ ಟಿಕೆಟ್ಟಿಗೂ ಊರು ಹೇಳ್ಲೇಬೇಕು. "ಹಾಸನ" ಅಂದೆ.

ಆಫೀಸಲ್ಲೂ ಇದೇ ಕಥೆ. ಬೆಳಗ್ಗೆ ಪ್ಲಾಂಟರ್‌ಗಳು ಫೋನ್ ಮಾಡಿ ರೇಟ್ ಕೇಳ್ತಾರೆ, 50 ಕೆಜಿ ಮೂಟೆಗೆ ಎಷ್ಟು ಅಂತ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿಗೆ ಪಾರ್ಚ್‌ಮೆಂಟ್ ಅಂತಾರೆ, ಸಿಪ್ಪೆ ಸಮೇತ ಒಣಗಿಸಿದ್ದಕ್ಕೆ ಚೆರ್ರಿ. ಆ 'ಪಾರ್ಚ್‌ಮೆಂಟ್' ಅನ್ನೋ ಪದ ನನ್ನ ಪಾಲಿಗೆ ಗೋಡೆ. ಪುಣ್ಯಕ್ಕೆ ಈ ವ್ಯಾಪಾರದಲ್ಲಿ ಎಲ್ಲರೂ ಅರೇಬಿಕಾದ ಪಾರ್ಚ್‌ಮೆಂಟ್, ಚೆರ್ರಿಗೆ ಎಪಿ, ಎಸಿ, ರೋಬಸ್ಟಾದ್ದಕ್ಕೆ ಆರ್‌ಪಿ, ಆರ್‌ಸಿ ಅಂತಾನೇ ಅನ್ನೋದು, ಸ್ವರದಿಂದ ಶುರು ಮಾಡ್ಬಹುದು. ಈ ಆಫೀಸಲ್ಲಿ ನಾನು ಒಂಬತ್ತು ವರ್ಷ ಉಳ್ಕೊಂಡಿದ್ದಕ್ಕೆ ಆ ನಾಲ್ಕು ಸಂಕ್ಷೇಪಗಳೂ ಒಂದು ಕಾರಣ. ಪದ ಬದಲಾಯಿಸಿ ಬದಲಾಯಿಸಿ ನಾನು ಎಷ್ಟು ಚೆನ್ನಾಗಿ ಬಚ್ಚಿಡ್ತಿದ್ದೆ ಅಂದ್ರೆ ಅಲ್ಲಿ ಎಷ್ಟೋ ಜನಕ್ಕೆ ನಾನು ಉಗ್ತೀನಿ ಅಂತಾನೇ ಗೊತ್ತಿರ್ಲಿಲ್ಲ, ಮಾತು ಕಮ್ಮಿ ಹುಡುಗಿ, ಸ್ವಲ್ಪ ಜಂಭ ಅಂದ್ಕೊಂಡಿದ್ರು.

ಯಾಕೆ ಬಂತು ಅನ್ನೋದಕ್ಕೆ ನಮ್ಮೂರಲ್ಲಿ ಒಬ್ಬೊಬ್ಬರದ್ದು ಒಂದೊಂದು ಉತ್ತರ ಇತ್ತು. ಅಮ್ಮ ಬಸುರಿ ಇದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ಳು ಅಂತ ಅಜ್ಜಿ. ಬಾಣಂತನದಲ್ಲಿ ಬಜೆ ಬೇರು ಸರಿಯಾಗಿ ತೇಯ್ದು ನೆಕ್ಕಿಸ್ಲಿಲ್ಲ ಅಂತ ದೊಡ್ಡಮ್ಮ, ಆ ತಪ್ಪು ಸರಿ ಮಾಡೋಕೆ ನಂಗೆ ಏಳು ವರ್ಷ ಆಗೋವರೆಗೂ ಜೇನುತುಪ್ಪದಲ್ಲಿ ಬಜೆ ತೇಯ್ದು ನಾಲಿಗೆಗೆ ತಿಕ್ಕಿದ್ರು, ಆ ಖಾರ ಒಗರು ಈಗಲೂ ನೆನಪಿದೆ. ಎಡಗೈಲಿ ಬರೀತಿದ್ದೆ, ಅದಕ್ಕೇ ಹಿಂಗಾಗಿದೆ ಅಂತ ಬಲಗೈಗೆ ಬದಲಾಯಿಸಿದ್ರು, ಉಗ್ಗು ಹೋಗ್ಲಿಲ್ಲ, ಅಕ್ಷರ ಕೆಡ್ತು. ಶಾಲೆ ಮೇಷ್ಟ್ರಿಗೆ ಇದು ಬರೀ ಹೆದರಿಕೆ, ಧೈರ್ಯ ಬರ್ಲಿ ಅಂತ ಪಾಠ ಓದೋಕೆ ದಿನಾ ನನ್ನನ್ನೇ ಎಬ್ಬಿಸೋರು. ಒಬ್ಬರು ಡಾಕ್ಟ್ರು ಬ್ಯಾಟರಿ ಬಿಟ್ಟು ನೋಡಿ ನಾಲಿಗೆ ಅಡಿಯ ಪೊರೆ ದಪ್ಪ ಇದೆ, ಕತ್ತರಿಸಿದ್ರೆ ಸರಿಹೋಗುತ್ತೆ ಅಂದ್ರು, ಅಮ್ಮ ನನ್ನ ಎತ್ಕೊಂಡು ಆಚೆ ಬಂದುಬಿಟ್ಳು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಎಷ್ಟೋ ವರ್ಷಕ್ಕೆ ನಾನು ಓದಿದೆ, 1841ರಲ್ಲಿ ಬರ್ಲಿನ್‌ನಲ್ಲಿ ಡೀಫೆನ್‌ಬಾಕ್ ಅಂತ ದೊಡ್ಡ ಸರ್ಜನ್ ಒಬ್ಬರು ಉಗ್ಗೋರ ನಾಲಿಗೆ ಬುಡದಲ್ಲಿ ಒಂದು ತುಂಡನ್ನೇ ಕತ್ತರಿಸಿ ತೆಗೀತಿದ್ರಂತೆ, ಅದೂ ಅರಿವಳಿಕೆ ಬರೋಕೆ ಮುಂಚಿನ ಕಾಲ. ಓದಿದ ದಿನ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಸುಮ್ನೆ ಬೇರೆ ಏನೋ ಮಾತಾಡಿದೆ.

ಇವೆಲ್ಲಕ್ಕಿಂತ ನಂಗೆ ಆಳವಾಗಿ ನಾಟಿದ್ದ ಕಾರಣ ಇನ್ನೊಂದು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಅವರೂ ಉಗ್ತಾರೆ. "ನೀನು ಚಿಕ್ಕೋಳಿದ್ದಾಗ ಅವ್ನನ್ನ ಅಣಕಿಸ್ತಿದ್ದೆ ಕಣೆ, ಅದಕ್ಕೇ ನಿಂಗೂ ಬಂತು" ಅಂತ ಮನೇಲಿ ಎಲ್ಲರೂ ಹೇಳೋರು. ನಾನು ಅಣಕಿಸಿದ ನೆನಪು ನಂಗಿಲ್ಲ. ಆದ್ರೂ ನಂಬಿದ್ದೆ. ಮಾಡಿದ ತಪ್ಪಿಗೆ ಸಿಕ್ಕಿದ್ದು ಅಂತ 30 ವರ್ಷ ನಂಬಿದ್ದೆ.

ಅಪ್ಪ ಮಾತ್ರ ಯಾರ ತಪ್ಪು ಅಂತ ಹುಡುಕ್ಲಿಲ್ಲ. ಆರು ವರ್ಷ ಇದ್ದಾಗ ಶೃಂಗೇರಿಗೆ ಕರ್ಕೊಂಡು ಹೋಗಿ ಶಾರದಾಂಬೆ ಮುಂದೆ ನಿಲ್ಲಿಸಿ ಕೈ ಮುಗಿಸಿದ್ರು. ಆಮೇಲೆ ತುಂಗೆ ಮೆಟ್ಟಿಲ ಮೇಲೆ ಕೂರಿಸಿ ಮೀನಿಗೆ ಹಾಕು ಅಂತ ಪುರಿ ಪೊಟ್ಟಣ ಕೊಟ್ರು. ಅಷ್ಟು ದೊಡ್ಡ ಮೀನು ನಾನು ನೋಡೇ ಇರ್ಲಿಲ್ಲ, ಒಂದರ ಮೇಲೊಂದು ಬಿದ್ದು ಬಾಯಿ ತೆಗೀತಿದ್ವು. ನಾನು ಅವುಗಳ ಜೊತೆ ಮಾತಾಡೋಕೆ ಶುರು ಮಾಡ್ದೆ, "ಬಾ ಬಾ, ನಿಂಗೆ ಆಗ್ಲೇ ಕೊಟ್ಟೆ, ಪಕ್ಕದೋನಿಗೆ ಬಿಡು" ಅಂತ. ಒಂದ್ಸಲನೂ ಸಿಕ್ಕಾಕ್ಕೊಳ್ಳಲಿಲ್ಲ. ಅಪ್ಪ ಹಿಂದೆ ನಿಂತು ಕೇಳಿಸ್ಕೊಂಡು ದೇವಿ ಕಣ್ಣು ಬಿಟ್ಳು ಅಂತ ಕಣ್ಣೊರೆಸಿಕೊಂಡ್ರು. ಬಸ್ ಸ್ಟ್ಯಾಂಡಿಗೆ ಬರೋಷ್ಟರಲ್ಲಿ ಮತ್ತೆ ಮೊದಲಿನ ಹಾಗೆ ಆಗಿತ್ತು. ಅಪ್ಪ ಊರಿಗೆ ಬರೋವರೆಗೂ ಮಾತಾಡಲಿಲ್ಲ. ಮೀನು, ದನ, ನಾಯಿ ಹತ್ರ, ಒಬ್ಬಳೇ ಇದ್ದಾಗ, ಹಾಡು ಹೇಳುವಾಗ, ಕ್ಲಾಸಲ್ಲಿ ಎಲ್ಲರ ಜೊತೆ ಒಟ್ಟಿಗೆ "ಎರಡೊಂದ್ಲ ಎರಡು" ಅಂತ ಮಗ್ಗಿ ಕೂಗುವಾಗ ಉಗ್ಗು ಇರಲ್ಲ. ಅದೇ ಮಗ್ಗಿ ಒಬ್ಬಳೇ ನಿಂತು ಹೇಳು ಅಂದ್ರೆ ಎರಡು ಅನ್ನೋದೇ ಬರಲ್ಲ. ಇದನ್ನ ನೋಡಿದೋರು "ನೋಡಿ, ಬರುತ್ತೆ ಇವಳಿಗೆ, ಬೇಕಂತ ಮಾಡ್ತಾಳೆ" ಅಂತ ಹೇಳ್ದಾಗ ನಂಗೆ ಏನುತ್ತರ ಕೊಡ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ.

ಮದುವೆ ವಿಷಯ ಜಾಸ್ತಿ ಬರೆಯಲ್ಲ. ನೋಡೋಕೆ ಬಂದ ಇಬ್ಬರು ನಾನು ಹೆಸರು ಹೇಳೋಕೆ ಒದ್ದಾಡಿದ್ದು ನೋಡಿ ಆಮೇಲೆ ತಿಳಿಸ್ತೀವಿ ಅಂತ ಹೋದೋರು ತಿಳಿಸ್ಲಿಲ್ಲ. ಮೂರನೆಯವರು ನಾನು ಹೇಳಿ ಮುಗಿಸೋವರೆಗೂ ನೆಲ ನೋಡದೆ, ಗಡಿಯಾರ ನೋಡದೆ, ನನ್ನ ಮುಖಾನೇ ನೋಡ್ತಾ ಕೂತಿದ್ರು. ಅವರೇ ನಮ್ಮನೆಯವರು.

ಮಗ ಉಗ್ಗೋಕೆ ಶುರು ಮಾಡಿದ ಮೇಲೆ ನಾನು ಏನು ಮಾಡಿದೆ ಅಂತ ಹೇಳೋಕೆ ಈಗಲೂ ಕಷ್ಟ ಆಗುತ್ತೆ. ಅವನ ಮುಂದೆ ಮಾತಾಡೋದನ್ನೇ ನಿಲ್ಲಿಸ್ದೆ. ನನ್ನ ಉಗ್ಗು ಅವನ ಕಿವಿಗೆ ಬೀಳ್ಬಾರ್ದು ಅಂತ. ರಾತ್ರಿ ಕಥೆ ಹೇಳೋದು ಬಿಟ್ಟು ಮೊಬೈಲಲ್ಲಿ ಕಥೆ ಹಾಕಿ ಕೊಡ್ತಿದ್ದೆ. ಊಟಕ್ಕೆ ಕರೆಯೋಕೂ ಕೈಸನ್ನೆ. ಸುಮಾರು ಮೂರು ವಾರ ಹೀಗೇ ನಡೀತು. ಒಂದಿನ ತಲೆಗೆ ಸ್ನಾನ ಮಾಡಿಸ್ತಿದ್ದಾಗ ಅವನು ಕಣ್ಣಿಗೆ ಸೋಪು ಹೋದ್ರೂ ಅಳದೆ ನನ್ನ ಗಲ್ಲ ಹಿಡ್ಕೊಂಡು "ಅಮ್ಮಂಗೆ ಕೋ-ಕೋ-ಕೋಪನಾ?" ಅಂತ ಕೇಳ್ದ. ಅವತ್ತೇ ಮೈಸೂರಿಗೆ ಹೋಗೋದು ಅಂತ ತೀರ್ಮಾನ ಮಾಡಿದ್ದು.

ಮೈಸೂರಿನ ಮಾನಸಗಂಗೋತ್ರೀಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾಗಿದ್ದು, ಅಲ್ಲಿನ ಜನ ಸ್ಪೀಚ್ ಅಂಡ್ ಹಿಯರಿಂಗ್ ಅಂತಾರೆ, ಪೇಪರ್‌ನಲ್ಲಿ ಆಯಿಷ್ ಅಂತ ಬರುತ್ತೆ. ನಮ್ಮ ಮನೆಯಿಂದ ಅರ್ಧ ದಿನದ ದಾರಿ ಅಷ್ಟೇ. ಇಷ್ಟು ವರ್ಷ ಯಾರೂ ನಂಗೆ ಅಲ್ಲಿಗೆ ಹೋಗು ಅಂತ ಹೇಳಿರ್ಲಿಲ್ಲ ಅನ್ನೋದು ನಂಗೆ ನಿಜವಾಗ್ಲೂ ನೋವಿನ ವಿಷಯ. ಬೆಳಗಿನ ಜಾವ ಹೊರಟು ಹಾಸನದಲ್ಲಿ ರೈಲು ಹಿಡಿದ್ವಿ, ಹೊಳೆನರಸೀಪುರ, ಕೆ.ಆರ್. ನಗರ ದಾಟೋವರೆಗೂ ಮಗ ಕಿಟಕಿ ಬಿಡ್ಲಿಲ್ಲ.

ನಮ್ಮನ್ನ ನೋಡಿದ್ದು ಒಬ್ಬರು ಚಿಕ್ಕ ವಯಸ್ಸಿನ ಥೆರಪಿಸ್ಟ್. ಮಗನ ಜೊತೆ ನೆಲದ ಮೇಲೆ ಕೂತು ಆಟದ ಸಾಮಾನು ಹರಡಿ ಅರ್ಧ ಗಂಟೆ ಮಾತಾಡಿಸಿದ್ರು, ಅದನ್ನೆಲ್ಲ ರೆಕಾರ್ಡ್ ಮಾಡ್ಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ ಯಾವಾಗ ಶುರುವಾಯ್ತು, ನಿಧಾನಕ್ಕೋ ಇದ್ದಕ್ಕಿದ್ದಂಗೋ, ಅವನಿಗೇ ಗೊತ್ತಾಗುತ್ತಾ, ಕಣ್ಣು ಮುಚ್ಚೋದು ಮುಖ ಕಿವುಚೋದು ಮಾಡ್ತಾನಾ, ಎಲ್ಲ ಕೇಳಿದ್ರು. ಕೊನೇಗೆ "ಮನೇಲಿ ಬೇರೆ ಯಾರಿಗಾದ್ರೂ ಇದ್ಯಾ ಮೇಡಂ?" ಅಂದ್ರು. ನಾನು ಬಾಯಿ ತೆಗೆದು "ನ-ನ-" ಅಂದಾಗ ಅವರಿಗೆ ಉತ್ತರ ಸಿಕ್ಕಿತ್ತು, ಆದ್ರೂ ನಾನು ಮುಗಿಸೋವರೆಗೂ ಕಾದ್ರು. ಆಮೇಲೆ ಹಾಳೆ ಮೇಲೆ ಗೆರೆ ಎಳೆದು ನಮ್ಮ ಮನೆತನ ಬರೆದ್ರು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಉಗ್ಗು ಇರೋರನ್ನ ಪೆನ್ನಲ್ಲಿ ಪೂರ್ತಿ ತುಂಬಿದ್ರು. ಚಿಕ್ಕಪ್ಪನ ಚೌಕ ಕಪ್ಪು. ನನ್ನ ಸೊನ್ನೆ ಕಪ್ಪು. ಮಗನ ಪುಟ್ಟ ಚೌಕ. ಅಪ್ಪನ ಚೌಕ ಮಾತ್ರ ಬಿಳಿ, ಅದರ ಮೂಲಕನೇ ಗೆರೆ ಹಾದು ಬಂದಿತ್ತು.

ಆ ಹಾಳೆ ನೋಡ್ತಾ ನಂಗೆ ಮೊದಲು ಹೊಳೆದಿದ್ದು, ನಾನು ಯಾರನ್ನೂ ಅಣಕಿಸಿರ್ಲಿಲ್ಲ.

ಅವರು ವಿವರಿಸಿದ್ದನ್ನ, ಆಮೇಲೆ ನಾನು ಹುಡುಕಿ ಓದಿದ್ದನ್ನ ಸೇರಿಸಿ ಹೇಳ್ತೀನಿ. ನೂರು ಮಕ್ಕಳಲ್ಲಿ ಸುಮಾರು ಐದು ಮಕ್ಕಳಿಗೆ ಎರಡರಿಂದ ಐದು ವರ್ಷದ ಒಳಗೆ, ಮಾತು ಒಮ್ಮೆಲೇ ಬೆಳೆಯೋ ಹೊತ್ತಲ್ಲಿ, ಉಗ್ಗು ಕಾಣಿಸ್ಕೊಳುತ್ತೆ. ಅದರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಮುಂದೆ ಹೋಗಿಬಿಡುತ್ತೆ, ದೊಡ್ಡೋರಾದ ಮೇಲೆ ಉಳಿಯೋದು ನೂರಕ್ಕೆ ಒಬ್ಬರಿಗೆ. ಹೆಣ್ಣುಮಕ್ಕಳಿಗೆ ಹೋಗೋದು ಜಾಸ್ತಿ, ಅದಕ್ಕೆ ದೊಡ್ಡೋರಲ್ಲಿ ಸುಮಾರು ನಾಲ್ಕು ಗಂಡಸರಿಗೆ ಒಬ್ಬ ಹೆಂಗಸು. ನಾನು ಇಷ್ಟು ವರ್ಷದಲ್ಲಿ ನನ್ನ ಹಾಗೆ ಉಗ್ಗೋ ಇನ್ನೊಬ್ಬ ಹೆಂಗಸನ್ನ ನೋಡೇ ಇಲ್ಲ, ಅದು ಯಾಕೆ ಅಂತ ಅವತ್ತು ಗೊತ್ತಾಯ್ತು.

ಇದು ನಾಲಿಗೆ ತೊಂದರೆ ಅಲ್ಲ, ಹೆದರಿಕೆಯಿಂದ ಹುಟ್ಟೋದೂ ಅಲ್ಲ. ಮಾತಾಡೋಕೆ ತಲೇಲಿ ಒಂದು ಕಡೆ ತಯಾರಿ ನಡೆಯುತ್ತೆ, ಇನ್ನೊಂದು ಕಡೆಯಿಂದ ತುಟಿ ನಾಲಿಗೆ ಗಂಟಲಿಗೆ ಆರ್ಡರ್ ಹೋಗುತ್ತೆ, ಉಗ್ಗೋರಲ್ಲಿ ಮೆದುಳಿನ ಎಡಭಾಗದಲ್ಲಿ ಇವುಗಳನ್ನ ಸೇರಿಸೋ ನರತಂತುಗಳು ಸ್ವಲ್ಪ ಬೇರೆ ಥರ ಇರೋದು ಸ್ಕ್ಯಾನ್‌ಗಳಲ್ಲಿ ಕಂಡಿದೆ, ಚಿಕ್ಕ ಮಕ್ಕಳಲ್ಲೂ ಕಂಡಿದೆ. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅಂತ ಇದೆ, ಈಗ ಶುರು ಮಾಡು, ಈಗ ಮುಂದಿನದು ಅಂತ ಸಮಯಕ್ಕೆ ಸರಿಯಾಗಿ ಸನ್ನೆ ಕೊಡೋದು ಅದರ ಕೆಲಸ, ಅಲ್ಲೇ ತಡ ಆಗುತ್ತೆ ಅಂತ ತುಂಬಾ ಜನ ಸಂಶೋಧಕರು ಹೇಳ್ತಾರೆ. ಹಾಡಿಗೆ ತಾಳ ಇರುತ್ತೆ, ಮಗ್ಗಿ ಕೂಗುವಾಗ ಪಕ್ಕದೋರ ದನಿ ಇರುತ್ತೆ, ಆ ಸನ್ನೆ ಹೊರಗಿಂದ ಸಿಕ್ಕಿಬಿಡುತ್ತೆ, ಅದಕ್ಕೆ ಸಿಕ್ಕಾಕ್ಕೊಳ್ಳಲ್ಲ ಅಂತ ಥೆರಪಿಸ್ಟ್ ಹೇಳ್ದಾಗ ನಾನು ಎರಡನೇ ಕ್ಲಾಸಿನ ಬೆಂಚಿಗೆ ಹೋಗಿ ಬಂದೆ. ಬೇಕಂತ ಮಾಡ್ತಾಳೆ ಅಂದೋರಿಗೆ ಕೊಡಬೇಕಿದ್ದ ಉತ್ತರ ಇದು. ಹೆದರಿಕೆ ಇರುತ್ತೆ, ಆದ್ರೆ ಅದು ಉಗ್ಗಿನ ಹಿಂದೆ ಬರೋದು, ಬಂದು ಅದನ್ನ ಇನ್ನಷ್ಟು ಬಿಗಿ ಮಾಡುತ್ತೆ.

"ನನ್ನ ನೋಡಿ ಕಲ್ತಿದ್ದಾನಾ?" ಅಂತ ಕೇಳೋಕೆ ನಂಗೆ ತುಂಬಾ ಹೊತ್ತು ಹಿಡೀತು, ಉಗ್ಗಿನಿಂದ ಅಲ್ಲ. ಅವರು ಅವಳಿ ಮಕ್ಕಳ ವಿಷಯ ಹೇಳಿದ್ರು. ಅವಳಿಗಳೆಲ್ಲ ಒಂದೇ ಮನೇಲಿ ಅದೇ ಅಪ್ಪ ಅಮ್ಮನ ಮಾತು ಕೇಳ್ಕೊಂಡೇ ಬೆಳೀತಾರೆ. ಆದ್ರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಉಗ್ಗಿದ್ರೆ ಇನ್ನೊಬ್ಬರಿಗೂ ಇರೋದು, ಬೇರೆ ಅವಳಿಗಳಿಗಿಂತ ಜಾಸ್ತಿ. ನೋಡಿ ಕಲಿಯೋ ಹಾಗಿದ್ರೆ ಎರಡೂ ಕಡೆ ಒಂದೇ ಥರ ಇರ್ಬೇಕಿತ್ತಲ್ಲ. 2010ರಲ್ಲಿ ಅಮೆರಿಕದ ಡೆನ್ನಿಸ್ ಡ್ರೇನಾ ಅನ್ನೋರ ತಂಡ ಪಾಕಿಸ್ತಾನದಲ್ಲಿ ಉಗ್ಗು ತಲೆಮಾರಿಂದ ಬಂದಿದ್ದ ಕುಟುಂಬಗಳನ್ನ ನೋಡಿ ಮೊದಲ ಸಲ ಕೆಲವು ಜೀನ್‌ಗಳನ್ನ ಗುರುತಿಸ್ತು, ಜೀವಕೋಶದ ಕಸ ವಿಲೇವಾರಿಗೆ ಸಂಬಂಧಪಟ್ಟ ಜೀನ್‌ಗಳು ಅವು. 2025ರಲ್ಲಿ ಹತ್ತು ಲಕ್ಷಕ್ಕೂ ಮೇಲೆ ಜನರ ಡಿಎನ್‌ಎ ಹೋಲಿಸಿ ನೋಡಿದ ದೊಡ್ಡ ಅಧ್ಯಯನದಲ್ಲಿ ಉಗ್ಗಿಗೆ ಸಂಬಂಧ ಇರೋ 57 ಜಾಗ ಸಿಕ್ಕಿವೆ. ಅಂದ್ರೆ ಒಂದೇ ಜೀನ್ ಅಲ್ಲ, ಒಂದೇ ಕಾರಣ ಅಲ್ಲ. ಮಗನಿಗೆ ನನ್ನಿಂದಲೇ ಬಂದಿರ್ಬೇಕು, ಆ ಹಾಳೆ ನೋಡಿದ್ರೆ ಹಾಗೇ ಅನ್ಸುತ್ತೆ. ಆದ್ರೆ ನನ್ನ ಮೂಗು, ನನ್ನ ಸುರುಳಿ ಕೂದಲು ಬಂದ ಹಾಗೆ ಬಂದಿದ್ದು. ನನ್ನ ಬಾಯಿಂದ ಬಂದಿದ್ದಲ್ಲ.

"ಮಾತು ನಿಲ್ಲಿಸಿದ್ದೀನಿ ಅಂದ್ರಲ್ಲ, ಅದೊಂದು ದಯವಿಟ್ಟು ಬೇಡ ಮೇಡಂ. ಇವತ್ತು ರಾತ್ರಿಯಿಂದಲೇ ಕಥೆ ಹೇಳಿ. ನೀವು ಸಿಕ್ಕಾಕ್ಕೊಂಡ್ರೂ ಮುಗಿಸ್ತೀರ ಅಂತ ಅವನು ನೋಡ್ಲಿ" ಅಂದ್ರು ಅವರು. ನಾನು ಅಲ್ಲೇ ಅತ್ತುಬಿಟ್ಟೆ. ಮಗ ಆಟದ ಟ್ರ್ಯಾಕ್ಟರ್ ತಂದು ನನ್ನ ಮಡಿಲಲ್ಲಿಟ್ಟ.

ವಾಪಸ್ ಬರುವಾಗ ಓದಿದ ಇನ್ನೊಂದು ವಿಷಯ ನನ್ನ ಬಿಡ್ತಾನೇ ಇಲ್ಲ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು. ವೆಂಡೆಲ್ ಜಾನ್ಸನ್ ಅನ್ನೋ ಪ್ರೊಫೆಸರ್, ಅವರೂ ಉಗ್ಗೋರೇ, ಮಕ್ಕಳ ಮಾತಲ್ಲಿ ತಂದೆ ತಾಯಿ ತಪ್ಪು ಹುಡುಕೋದ್ರಿಂದಲೇ ಉಗ್ಗು ಹುಟ್ಟುತ್ತೆ ಅನ್ನೋ ವಾದ ಬೆಳೆಸ್ತಿದ್ರು. ಅದಕ್ಕೆ ಅವರ ವಿದ್ಯಾರ್ಥಿನಿ ಚೆನ್ನಾಗಿ ಮಾತಾಡ್ತಿದ್ದ ಕೆಲವು ಮಕ್ಕಳಿಗೆ ನೀನು ಉಗ್ತೀಯ, ಸರಿ ಮಾತಾಡೋಕೆ ಬರದಿದ್ರೆ ಬಾಯಿ ಬಿಡಬೇಡ ಅಂತ ತಿಂಗಳುಗಟ್ಟಲೆ ಹೇಳಿದ್ರು. ಆ ಮಕ್ಕಳು ಉಗ್ಗೋರಾಗ್ಲಿಲ್ಲ, ಆದ್ರೆ ಮಾತಾಡೋಕೇ ಹಿಂಜರಿದ್ರು, ಮೂಲೆ ಸೇರಿದ್ರು. ಆ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಉಗ್ಗನ್ನ ಯಾರೂ ಹುಟ್ಟಿಸೋಕಾಗಲ್ಲ, ಮೌನನ ಹುಟ್ಟಿಸ್ಬಹುದು. ದಿನಾ ನನ್ನ ಎಬ್ಬಿಸಿ ಓದಿಸ್ತಿದ್ದ ಮೇಷ್ಟ್ರು ಕೆಟ್ಟೋರೇನಲ್ಲ. ಆದ್ರೂ ಆ ವರ್ಷದ ಕೊನೇಲಿ ನಾನು ಬಾಯಾರಿಕೆ ಆಗಿದೆ, ನೀರು ಕುಡಿಯೋಕೆ ಹೋಗ್ಲಾ ಅಂತ ಕೇಳೋದನ್ನೂ ಬಿಟ್ಟಿದ್ದೆ.

ಆ ಸಂಕ್ರಾಂತಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಹತ್ರ ಹೋದೆ. ಚಿಕ್ಕಪ್ಪನಿಗೆ 61. ಮದುವೆ ಆಗ್ಲಿಲ್ಲ. ಕಣದಲ್ಲಿ ಕಾಫಿ ಹರಡಿದ್ರು, ಹಲಗೆ ಹಿಡ್ಕೊಂಡು ಎಳೀತಿದ್ರು. ನಾವಿಬ್ರೂ ಒಂದೇ ಮನೇಲಿ ಬೆಳೆದೋರು, ಇಬ್ಬರೂ ಉಗ್ಗೋರು, ಅದರ ಬಗ್ಗೆ ಒಂದಿನವೂ ಮಾತಾಡಿರ್ಲಿಲ್ಲ, ಇಬ್ಬರೂ ಒಟ್ಟಿಗೆ ಮಾತಾಡಿದ್ರೆ ಬೇರೆಯವರು ನಗ್ತಾರೆ ಅಂತ ಒಬ್ಬರನ್ನೊಬ್ಬರು ತಪ್ಪಿಸ್ಕೊಂಡೇ ಓಡಾಡಿದ್ವಿ. ನಾನು ಆ ಹಾಳೆಯ ವಿಷಯ ಹೇಳ್ದೆ. ಅವರು ಹಲಗೆ ನಿಲ್ಲಿಸಿ ಬಹಳ ಹೊತ್ತು ಕಾಫಿ ನೋಡ್ತಾ ನಿಂತ್ರು.

"ಎ-ಎಸ್ಟೇಟಲ್ಲಿ ರೈಟರ್ ಕೆಲಸ ಕೊ-ಕೊಟ್ಟಿದ್ರು ನಂಗೆ" ಅಂದ್ರು. ಮನೇಲಿ ಯಾರಿಗೂ ಗೊತ್ತಿಲ್ಲದ ವಿಷಯ. ರೈಟರ್ ಅಂದ್ರೆ ಬೆಳಗ್ಗೆ ಆಳುಗಳನ್ನ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರು ಕೂಗಿ ಹಾಜರಿ ಹಾಕ್ಬೇಕು. ಹಿಂದಿನ ರಾತ್ರಿ ಪೂರ್ತಿ ಹೆಸರು ಹೇಳಿ ಹೇಳಿ ಅಭ್ಯಾಸ ಮಾಡಿದ್ರಂತೆ, ಬೆಳಗ್ಗೆ ಗೇಟಿನವರೆಗೂ ಹೋಗಿ ವಾಪಸ್ ಬಂದ್ರಂತೆ. ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಿಷಿನ್ ಇರೋ ಪಲ್ಪರ್ ಮನೆ ಕೆಲಸಕ್ಕೆ ಸೇರ್ಕೊಂಡ್ರು, 30 ವರ್ಷ ಅಲ್ಲೇ. "ಮಿ-ಮಿಷಿನ್ ಸದ್ದಲ್ಲಿ ಯಾರೂ ಮಾ-ಮಾತಾಡ್ಸಲ್ಲ. ಇನ್ನೊಂದು ಹೇ-ಹೇಳ್ಲಾ ಪುಟ್ಟಿ, ಪಲ್ಪರ್ ಓಡ್ತಿದ್ರೆ ನಂಗೆ ಮಾತು ಬರ್ತಿತ್ತು. ಒಬ್ಬನೇ ಜೋರಾಗಿ ಮಾತಾಡ್ತಿದ್ದೆ." ಈ ಕೊನೆ ಮಾತು ಹೇಳುವಾಗ ಅವರು ಒಂದ್ಸಲನೂ ಸಿಕ್ಕಾಕ್ಕೊಳ್ಳಲಿಲ್ಲ. ಜೋರು ಸದ್ದಲ್ಲಿ ತಮ್ಮ ದನಿ ತಮಗೇ ಕೇಳಿಸ್ದಿದ್ರೆ ಎಷ್ಟೋ ಜನಕ್ಕೆ ಉಗ್ಗು ಕಮ್ಮಿ ಆಗುತ್ತೆ, ಇದನ್ನ ಪರೀಕ್ಷೆ ಮಾಡಿ ನೋಡಿದಾರೆ, ಕಿವಿಗೆ ಸದ್ದು ಕೊಡೋ ಯಂತ್ರನೂ ಮಾಡಿದ್ರು ಅಂತ ನಾನು ಹೇಳ್ದೆ. ಚಿಕ್ಕಪ್ಪ "ಹೌದಾ, ಹೌದಾ" ಅಂತ ಎರಡು ಸಲ ಕೇಳಿದ್ರು. ಅವರಿಗೆ ಅದು ತನಗೊಬ್ಬನಿಗೇ ಇರೋ ಹುಚ್ಚು ಅಂತ ಇತ್ತು.

ಈಗ ಮಗನಿಗೆ ತಿಂಗಳಿಗೊಂದು ಸಲ ಮೈಸೂರು, ಮಧ್ಯೆ ವಿಡಿಯೋ ಕಾಲ್. ಅವನಿಗೆ ಪಾಠ ಏನಿಲ್ಲ, ಪಾಠ ಎಲ್ಲ ನಮಗೆ. ದಿನಕ್ಕೆ ಹದಿನೈದು ನಿಮಿಷ ಫೋನು ಟಿವಿ ಇಲ್ಲದೆ ಅವನೊಬ್ಬನ ಜೊತೆ ಕೂರೋದು, ನಾವೇ ನಿಧಾನವಾಗಿ ಮಾತಾಡೋದು, ಅವನ ಮಾತು ನಾವು ಪೂರ್ತಿ ಮಾಡದೇ ಇರೋದು, "ನಿಧಾನ, ಉಸಿರು ತಗೋ, ಸರಿಯಾಗಿ ಹೇಳು" ಅಂತ ಹೇಳ್ದೇ ಇರೋದು. ಈ ಕೊನೇದು ಅತ್ತೆಗೆ ಬಹಳ ಕಷ್ಟ ಆಯ್ತು, ಪ್ರೀತಿಯಿಂದಲೇ ಹೇಳೋದಲ್ವಾ, ಆದ್ರೆ ಕಲ್ತ್ರು. ಈಗ ಅವನು ಸಿಕ್ಕಾಕ್ಕೊಂಡಾಗ ಅತ್ತೆ ಸೆರಗಿನ ಅಂಚು ಹಿಡ್ಕೊಂಡು ತಿರುವ್ತಾ ಕಾಯ್ತಾರೆ. ಅವನಿಗೆ ಹೋಗುತ್ತಾ ಉಳಿಯುತ್ತಾ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಗಂಡುಮಗು, ಮನೆತನದಲ್ಲಿ ಉಳ್ಕೊಂಡಿರೋರು ಇದಾರೆ, ಇವೆರಡೂ ಉಳಿಯೋ ಸಾಧ್ಯತೆ ಜಾಸ್ತಿ ಮಾಡೋ ವಿಷಯಗಳು ಅಂತ ಮೊದಲೇ ಹೇಳಿದಾರೆ. ಕೆಲವು ವಾರ ಇರೋದೇ ಇಲ್ಲ, ಕೆಲವು ವಾರ ಮೊದಲಿಗಿಂತ ಜೋರು.

ನನಗೂ ಥೆರಪಿ ನಡೀತಿದೆ. ನಂಗೆ ಕೊಟ್ಟ ಮೊದಲನೇ ಹೋಂವರ್ಕ್ ಬೇಕಂತಲೇ ಉಗ್ಗೋದು. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನ ನಾನಾಗೇ ತೆಗೆದು ತೋರಿಸ್ಬೇಕು, ಆಗ ಅದರ ಹೆದರಿಕೆ ಕಮ್ಮಿ ಆಗುತ್ತೆ ಅಂತ. ಎಂ.ಜಿ. ರೋಡಿನ ಒಂದು ಬೇಕರಿ ಮುಂದೆ ಮೂರು ದಿನ ಹೋಗಿ ವಾಪಸ್ ಬಂದೆ, ನಾಲ್ಕನೇ ದಿನ ಒಳಗೆ ಹೋಗಿ "ಬೆ-ಬೆ-ಬೆ-ಬೆಣ್ಣೆ ಬಿಸ್ಕೆಟ್ ಕಾಲು ಕೆಜಿ" ಅಂದೆ. ಅಂಗಡಿಯವರು ತೂಕ ಹಾಕಿ ಕೊಟ್ರು, ಚಿಲ್ಲರೆ ಕೇಳಿದ್ರು. ಅಷ್ಟೇ ಆಗಿದ್ದು. ಎರಡನೇದು ಸಿಕ್ಕಾಕ್ಕೊಂಡಾಗ ಒತ್ತದೆ, ಆ ಬಿಗಿನ ಅಲ್ಲೇ ನಿಧಾನವಾಗಿ ಸಡಿಲ ಮಾಡಿ ಜಾರಿಸ್ಕೊಂಡು ಆಚೆ ಬರೋದು. ಇದು ಹತ್ತರಲ್ಲಿ ನಾಲ್ಕೈದು ಸಲ ಬರುತ್ತೆ, ಫೋನಲ್ಲಿ ಅಷ್ಟೂ ಬರಲ್ಲ. ಪಾರ್ಚ್‌ಮೆಂಟ್ ಅನ್ನೋದನ್ನ ಇನ್ನೂ ಎಪಿ ಅಂತಾನೇ ಹೇಳ್ತೀನಿ, ಎಲ್ಲರೂ ಹೇಳ್ತಾರಲ್ಲ.

ಹೋದ ತಿಂಗಳು ಮಗನ್ನ ಕರ್ಕೊಂಡು ಊರಿಗೆ ಹೊರಟಿದ್ದೆ. ಕಂಡಕ್ಟರ್ ಬಂದು ಎಲ್ಲಿಗೆ ಅಂದ್ರು. ತುಟಿ ಸೇರ್ತು. ಹ ಬಾಯಿ ತುದೀಲಿ ಇತ್ತು, ಬಿಟ್ಟೆ. "ಬೇ... ಬೇ-ಬೇಲೂರು." ಎಡಗಣ್ಣು ಮುಚ್ಕೊಳ್ತು, ಕತ್ತು ಬಿಗೀತು, ಹಿಂದಿನ ಸೀಟಿನೋರು ತಿರುಗಿ ನೋಡಿದ್ರು. ಮಗ ತೊಡೆ ಮೇಲೆ ಕೂತು ನನ್ನ ಬಾಯೇ ನೋಡ್ತಿದ್ದ. ಟಿಕೆಟ್ ಬಂತು, ಬೇಲೂರು ಅಂತಾನೇ ಬರೆದಿತ್ತು, ಅವನು ಅದನ್ನ ಕಿತ್ಕೊಂಡು ಮಡಚಿ ಜೇಬಿಗೆ ಹಾಕ್ಕೊಂಡ.

ಚಿಕ್ಕಪ್ಪ ಫೋನಲ್ಲಿ ಮಾತಾಡಲ್ಲ, ಯಾವತ್ತೂ ಮಾತಾಡಿಲ್ಲ, ರಿಂಗ್ ಆದ್ರೆ ಎದ್ದು ಹೋಗ್ತಾರೆ. ಆ ಊರಿಂದ ಬಂದ ಮೇಲಿನ ಭಾನುವಾರ ನನ್ನ ಮೊಬೈಲಿಗೆ ಅವರ ನಂಬರಿಂದ ಕಾಲ್ ಬಂತು. ಯಾರಿಗೋ ಏನೋ ಆಗಿದೆ ಅಂತ ಹೆದರಿ ಎತ್ತಿದೆ. ಆ ಕಡೆಯಿಂದ ಬರೀ ಉಸಿರು, ತುಂಬಾ ಹೊತ್ತು. ಆಮೇಲೆ "ಮ-ಮ-ಮರಿಗೆ ಕೊ-ಕೊಡು" ಅಂದ್ರು. ಕೊಟ್ಟೆ. ಮಗ ಫೋನ್ ಎರಡೂ ಕೈಲಿ ಹಿಡ್ಕೊಂಡು ಮಂಚದ ಕೆಳಗೆ ಹೋಗಿ ಕೂತ, ಪಲ್ಪರ್ ಹೆಂಗೆ ಸದ್ದು ಮಾಡುತ್ತೆ ಅಂತ ಕೇಳ್ತಿದ್ದ. ಕಾಲ್ ಮುಗಿದ ಮೇಲೆ ನೋಡಿದ್ರೆ 17 ನಿಮಿಷ.